ಬಂಡಿಯ ವೇಗ, ಬ್ರೇಕಿನ ಪಾಡು

ಈ ಸಲದ ವಿಷಯವನ್ನು ನಮಗೆ ಒದಗಿಸಿದವರು ಸಂಘದ ಹಿರಿಯ ಸದಸ್ಯರೊಬ್ಬರು. ಅಮೆರಿಕದ ಜಾರ್ಜಿಯಾ ಸಂಸ್ಥಾನದ ಪೀಚ್‌ಟ್ರೀ ಸಿಟಿಯಲ್ಲಿ ಅವರ ಮಗನ ಸಂಸಾರವಿದೆ. 1959ರಲ್ಲಿ ಹುಟ್ಟಿದ ಆ ಊರಿನಲ್ಲಿ ಕಾರಿನ ರಸ್ತೆಗಳಲ್ಲದೆ ಸುಮಾರು 100 ಮೈಲಿಯಷ್ಟು ಬೇರೆ ದಾರಿಗಳಿವೆ. ಅವುಗಳ ಮೇಲೆ ಪಾದಚಾರಿಗಳ ಜೊತೆಯಲ್ಲಿ ಗಾಲ್ಫ್ ಬಂಡಿಗಳೂ ಓಡಾಡುತ್ತವೆ. ಚೆಂಡಾಟಕ್ಕೆಂದು ಹುಟ್ಟಿದ ಬಂಡಿಯಲ್ಲಿ ಜನ ತರಕಾರಿ ತರುತ್ತಾರೆ, ಹೈಸ್ಕೂಲು ಹುಡುಗರು ಪಾಠಕ್ಕೆ ಹೋಗುತ್ತಾರೆ. ನಮ್ಮ ಹಿರಿಯರ ಮಗರಾಯನಿಗೆ ಈಗ ಅದರ ನಡಿಗೆ ಸಾಲದಾಗಿದೆಯಂತೆ. ಹಿಂದಿನ ಸೀಟಿನಲ್ಲಿ ಕೂರುವವರು ಇಬ್ಬರು ಮೊಮ್ಮಕ್ಕಳು. “ನೀವು ನಾಲ್ಕು ಮಾತು ಬರೆಯಿರಿ, ಅಚ್ಚಾದ ಮೇಲೆ ಕಳುಹಿಸುತ್ತೇನೆ, ಅಪ್ಪನ ಮಾತಿಗಿಂತ ಅಚ್ಚಿನ ಮಾತಿಗೆ ಬೆಲೆ ಹೆಚ್ಚು” ಎಂದರು.

ವೇಗಕ್ಕೂ ಸರ್ಕಾರಿ ಗುಮಾಸ್ತರಾದ ನಮಗೂ ಎಲ್ಲಿಯ ನಂಟು ಎಂದು ವಾಚಕರು ನಕ್ಕರೆ ನಕ್ಕಾರು. ಆದರೂ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ಅರಿಕೆ ಮಾಡುತ್ತೇವೆ.

ಇಂಥ ಬಂಡಿಗಳು ಸಾಮಾನ್ಯವಾಗಿ ಗಂಟೆಗೆ 12ರಿಂದ 15 ಮೈಲಿ, ಎಂದರೆ 19ರಿಂದ 24 ಕಿಲೋಮೀಟರು ಓಡುತ್ತವೆ. ಅಷ್ಟೂ ಓಡದಿದ್ದರೆ, ಸಾಮಾನು ಕೊಳ್ಳುವ ಮೊದಲು ಇರುವುದನ್ನೇ ನೋಡಬೇಕು. ಬ್ಯಾಟರಿ ಮುದಿಯಾಗಿರಬಹುದು, ಅದರ ತುದಿಗಳಿಗೆ ಕಿಲುಬು ಹಿಡಿದಿರಬಹುದು, ಟೈರಿನಲ್ಲಿ ಗಾಳಿ ಕಡಿಮೆಯಿರಬಹುದು, ಬ್ರೇಕು ಸದಾ ಉಜ್ಜುತ್ತಿರಬಹುದು. ಇವನ್ನು ಸರಿಪಡಿಸಿದರೆ ಎಷ್ಟೋ ಬಂಡಿಗಳು ಮತ್ತೆ ಚುರುಕಾಗುತ್ತವೆ.

ಆಮೇಲಿನ ದಾರಿ ಮೂರು. ಹೊಸ ಬಂಡಿಗಳಲ್ಲಿ ಮೋಟಾರಿನ ಸುತ್ತನ್ನು ಎಣಿಸಿ ಕಂಟ್ರೋಲರಿಗೆ ತಿಳಿಸುವ ಏರ್ಪಾಡಿರುತ್ತದೆ; ಅದರಲ್ಲಿ ಕಟ್ಟಿಟ್ಟ ಮಿತಿಯನ್ನು ಮಾರಾಟಗಾರರೇ ಕೊಂಚ ಸಡಿಲಿಸಿಕೊಡಬಲ್ಲರು. ನಮಗೆ ಮೆಚ್ಚಿಕೆಯಾದುದು ಇದೇ. ಎರಡನೆಯದು ದೊಡ್ಡ ಟೈರು. 18 ಅಂಗುಲದ ಬದಲು 22 ಅಂಗುಲದ್ದು ಹಾಕಿದರೆ ಲೆಕ್ಕಕ್ಕೆ ವೇಗ ನೂರಕ್ಕೆ 22ರಷ್ಟು ಏರುತ್ತದೆ. ಆದರೆ ಏರುದಾರಿಯಲ್ಲಿ ಮೋಟಾರು ಏದುಸಿರು ಬಿಡುತ್ತದೆ, ಕಾಯುತ್ತದೆ. ಬ್ರೇಕಿನ ಹಿಡಿತವೂ ಐದರಲ್ಲಿ ಸುಮಾರು ಒಂದು ಪಾಲು ತಗ್ಗುತ್ತದೆ. ಅಷ್ಟು ದೊಡ್ಡ ಟೈರಿಗೆ ಬಂಡಿಯನ್ನೇ ಎತ್ತರಿಸಬೇಕಾಗುವುದರಿಂದ ಮಗುಚುವ ಭಯ ಬೇರೆ.

ಮೂರನೆಯದು ವೋಲ್ಟೇಜು. ಹಳೆಯ ಬಂಡಿಗಳಲ್ಲಿ 6 ವೋಲ್ಟಿನ ಆರು ಬ್ಯಾಟರಿ, ಒಟ್ಟು 36. ಆ ಜಾಗದಲ್ಲಿ 8 ವೋಲ್ಟಿನವು ಆರಾದರೆ 48. ವೇಗವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಮೂರನೆಯ ಒಂದು ಪಾಲು ಏರುತ್ತದೆ. ಬ್ಯಾಟರಿ ಮಾತ್ರ ಬದಲಾಯಿಸಿ ಕೈತೊಳೆದುಕೊಳ್ಳುವಂತಿಲ್ಲ. ಕಂಟ್ರೋಲರು, ಸೊಲೆನಾಯ್ಡು, ಚಾರ್ಜರು ಎಲ್ಲವೂ 48ಕ್ಕೆ ತಕ್ಕವಾಗಿರಬೇಕು; ಹೆಚ್ಚು ವಿದ್ಯುತ್ತೆಳೆಯುವ ಕಂಟ್ರೋಲರಾದರೆ ದಪ್ಪ ತಂತಿಯೂ ಬೇಕು. ಕೆಲಸಕ್ಕೆ ಕೈಹಾಕುವಾಗ ಉಂಗುರ, ಗಡಿಯಾರ ತೆಗೆದಿಟ್ಟು ಮುಖ್ಯ ತಂತಿಯನ್ನು ಬಿಡಿಸಬೇಕು. ಒಂದು ಸ್ಪಾನರು ಎರಡು ತುದಿಗಳಿಗೆ ಅಡ್ಡ ಬಿದ್ದರೆ ಸಾಕು, ಕಿಡಿ ಹಾರಿ ಕೈ ಸುಟ್ಟೀತು; ಚಾರ್ಜಾಗುವಾಗ ಸೀಸದ ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಆ ಕಿಡಿಯೇ ಬೇಕಾದಷ್ಟು.

ಇಷ್ಟು ವೇಗದ ಕಥೆ. ಹಿರಿಯರ ಚಿಂತೆ ಬೇರೆ ಕಡೆ ಇದೆ, ಅದೇ ಸರಿ. ಈ ಬಂಡಿಗಳಲ್ಲಿ ಬಹುಪಾಲಿಗೆ ಬ್ರೇಕಿರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ವೇಗ 15ರಿಂದ 20 ಮೈಲಿಗೆ ಏರಿದರೆ ಬ್ರೇಕು ಅಡಗಿಸಬೇಕಾದ ಶಕ್ತಿ ಒಂದೂಮುಕ್ಕಾಲು ಪಾಲಾಗುತ್ತದೆ; 25ಕ್ಕೆ ಏರಿದರೆ ಸುಮಾರು 2.8 ಪಾಲು. ಇಳಿಜಾರಿನಲ್ಲಿ ಹಿಂದಿನ ಚಕ್ರ ಕಚ್ಚಿ ನಿಂತರೆ ಬಂಡಿಯ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಬಾಗಿಲಂತೂ ಇಲ್ಲವೇ ಇಲ್ಲ. ಥಟ್ಟನೆ ಎಡಕ್ಕೆ ತಿರುಗಿಸಿದರೆ ಬಲಗಡೆ ಕೂತವರು ಹೊರಗೆ ಬೀಳುತ್ತಾರೆ. ಹಿಂದಕ್ಕೆ ಮುಖ ಮಾಡಿ ಕೂತ ಮಕ್ಕಳಿಗಾದರೋ ಬಂಡಿ ಗಕ್ಕನೆ ಮುಂದಕ್ಕೆ ಹೊರಟದ್ದೇ ಸಾಕು.

ಇನ್ನು ಕಾನೂನು, ಇದು ನಮ್ಮ ಕಸುಬಿಗೆ ಹತ್ತಿರದ್ದು. ಅಮೆರಿಕದ ಕೇಂದ್ರ ಸರ್ಕಾರ 1998ರಲ್ಲಿ ಹೊರಡಿಸಿದ ನಿಯಮದ ಪ್ರಕಾರ 20 ಮೈಲಿಗಿಂತ ಹೆಚ್ಚು, 25ರವರೆಗೆ ಓಡುವ ಇಂಥ ಬಂಡಿ ‘ಕಡಿಮೆ ವೇಗದ ವಾಹನ’ವೆನಿಸುತ್ತದೆ. ಆಗ ದೀಪ, ತಿರುವಿನ ಸೂಚಕ, ಕನ್ನಡಿ, ಗಾಳಿತಡೆಯ ಗಾಜು, ನಿಲುಗಡೆಯ ಬ್ರೇಕು, ಪ್ರತಿ ಸೀಟಿಗೂ ಬೆಲ್ಟು, ವಾಹನದ ಗುರುತಿನ ಸಂಖ್ಯೆ ಇವೆಲ್ಲ ಇರಬೇಕು. ಒಂದು ಮೈಲಿಯ ಆಸೆಗೆ ಇಷ್ಟು ಕಾಗದಪತ್ರ! ಕಡತ ಕಟ್ಟುವ ನಮಗೇ ಬೇಡವೆನಿಸಿತು.

ಆದುದರಿಂದ ಮಗರಾಯನಿಗೆ ನಮ್ಮ ಸಲಹೆ: ಕಂಟ್ರೋಲರಿನ ಮಿತಿಯನ್ನು 18 ಮೈಲಿಗೆ ಮೀರದಂತೆ ಸಡಿಲಿಸಿ ಅಲ್ಲಿಗೆ ನಿಲ್ಲಿಸುವುದು, ದೊಡ್ಡ ಟೈರು, ಹೆಚ್ಚಿನ ವೋಲ್ಟೇಜು ಎರಡನ್ನೂ ಕೂಡಿಸಕೂಡದು. ಬ್ರೇಕಿನ ಪಟ್ಟಿಗಳನ್ನು ಮೊದಲೇ ಹೊಸದು ಮಾಡಿಸಬೇಕು, ಹಿಂದಿನ ಸೀಟಿಗೆ ಬೆಲ್ಟೂ ಗಟ್ಟಿ ಹಿಡಿಕೆಯೂ ಬೇಕು. ವಿಮೆಯವರನ್ನು ಬರವಣಿಗೆಯಲ್ಲಿ ಕೇಳುವುದು ಒಳ್ಳೆಯದು. ಮೊದಲ ಓಟಕ್ಕೆ ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಅವರ ತೂಕದ ಮೂಟೆಯನ್ನು ಹಿಂದೆ ಕಟ್ಟಿಕೊಂಡು, ಬರಿದಾದ ಬಯಲಿನಲ್ಲಿ ಪೂರ್ಣ ವೇಗದಿಂದ ಬ್ರೇಕು ತುಳಿದು, ಎಷ್ಟು ಅಡಿಗೆ ನಿಂತಿತೆಂದು ಟೇಪು ಹಿಡಿದು ಅಳೆಯಲಿ. ಆ ಅಳತೆಯನ್ನು ತಂದೆಗೆ ಬರೆದು ತಿಳಿಸಿದರೆ ನಮಗೂ ಗೊತ್ತಾಗುತ್ತದೆ.