ಡೊಲೊರೆಸ್ ಹಾರ್ಟ್ ಓಡಿಹೋದವರಲ್ಲ

ಹಾಲಿವುಡ್ ನಟಿ ಡೊಲೊರೆಸ್ ಹಾರ್ಟ್ 1963ರಲ್ಲಿ, ತಮ್ಮ 24ನೆಯ ವಯಸ್ಸಿನಲ್ಲಿ, ಕನೆಕ್ಟಿಕಟ್ ರಾಜ್ಯದ ಬೆತ್ಲೆಹೆಮ್ ಊರಿನ ರೆಜಿನಾ ಲಾಡಿಸ್ ಮಠ ಸೇರಿ ಬೆನೆಡಿಕ್ಟೈನ್ ಸನ್ಯಾಸಿನಿಯಾದರು. ಅವರ ಮೇಲೆ ಹೊರಿಸುವ ನಾಲ್ಕು ಆಕ್ಷೇಪಗಳಿಗೆ ಇಲ್ಲಿ ಉತ್ತರಿಸುತ್ತಿದ್ದೇನೆ. ಹೆಣ್ಣೊಬ್ಬಳು ತಾನೇ ಯೋಚಿಸಿ ಇಂಥ ನಿರ್ಧಾರ ಮಾಡಬಲ್ಲಳೆಂದು ಒಪ್ಪದ ಮನಸ್ಸೇ ಈ ನಾಲ್ಕರ ಹಿಂದೆಯೂ ಇದೆ.

ಮೊದಲನೆಯದು: "ಅವಕಾಶಗಳು ಕೈತಪ್ಪಿದ್ದಕ್ಕೆ ಮಠ ಹಿಡಿದರು." ದಾಖಲೆ ಬೇರೆಯೇ ಹೇಳುತ್ತದೆ. ಎಲ್ವಿಸ್ ಪ್ರೀಸ್ಲಿ ಜೊತೆ 'ಲವಿಂಗ್ ಯೂ' (1957), 'ಕಿಂಗ್ ಕ್ರಿಯೋಲ್' (1958). ಬ್ರಾಡ್‌ವೇ ನಾಟಕಕ್ಕೆ ಟೋನಿ ಪ್ರಶಸ್ತಿಯ ನಾಮನಿರ್ದೇಶನ. 1960ರಲ್ಲಿ ಜನ ಮುಗಿಬಿದ್ದು ನೋಡಿದ 'ವೇರ್ ದ ಬಾಯ್ಸ್ ಆರ್'. ಮಠ ಸೇರಿದ ವರ್ಷವೇ 'ಕಮ್ ಫ್ಲೈ ವಿತ್ ಮಿ' ತೆರೆಗೆ ಬಂತು. ಸೋತವರ ದಾರಿ ಹೀಗಿರುವುದಿಲ್ಲ.

ಎರಡನೆಯದು: "ಎಳೆ ವಯಸ್ಸಿನ ಆವೇಶ, ಯಾರೋ ತಲೆ ತಿರುಗಿಸಿದರು." ಬ್ರಾಡ್‌ವೇಯಲ್ಲಿ ನಟಿಸುತ್ತಿದ್ದಾಗಲೇ ಅವರು ಈ ಮಠವನ್ನು ಕಂಡಿದ್ದರು. ಆಮೇಲೂ ಸಿನಿಮಾ ಮಾಡಿದರು, ಮತ್ತೆ ಮತ್ತೆ ಅಲ್ಲಿಗೆ ಹೋಗಿ ಬಂದರು. ಒಳಗೆ ಹೋದಮೇಲೂ ಅಂತಿಮ ವ್ರತ ಸ್ವೀಕರಿಸಿದ್ದು 1970ರಲ್ಲಿ. ಹೊಸಬರು ತಮ್ಮನ್ನು ಪರೀಕ್ಷಿಸಿಕೊಳ್ಳಲಿ, ಬೇಡವೆನಿಸಿದರೆ ಹಿಂದಿರುಗಲಿ ಎಂದೇ ಚರ್ಚು ಇಷ್ಟು ದೀರ್ಘ ಕಾಲ ಕೊಡುತ್ತದೆ. ಆವೇಶ ಏಳು ವರ್ಷ ಬಾಳುವುದಿಲ್ಲ.

ಮೂರನೆಯದು: "ಮದುವೆ ನಿಶ್ಚಯವಾಗಿದ್ದವನಿಗೆ ದ್ರೋಹ ಮಾಡಿದರು." ಆ ವರ ಡಾನ್ ರಾಬಿನ್ಸನ್ ಅವರಿಗೆ ನೋವಾದದ್ದು ನಿಜ, ಅದನ್ನು ಹಗುರ ಮಾಡಲಾರೆ. ಆದರೆ ಮನಸ್ಸು ಬೇರೆಡೆ ನೆಟ್ಟಿರುವಾಗ ತೋರಿಕೆಗೆ ಸಂಸಾರ ಮಾಡಿದ್ದರೆ ಅದೇ ದೊಡ್ಡ ವಂಚನೆಯಾಗುತ್ತಿತ್ತು. ರಾಬಿನ್ಸನ್ ಮದುವೆಯಾಗದೇ ಉಳಿದರು, 2011ರಲ್ಲಿ ತೀರಿಕೊಳ್ಳುವವರೆಗೂ ಮಠಕ್ಕೆ ಬಂದು ಅವರನ್ನು ಕಾಣುತ್ತಿದ್ದರು. ನೊಂದವರೇ ಬಿಡದ ಗೌರವವನ್ನು ಹೊರಗಿನವರು ಕಿತ್ತುಕೊಳ್ಳುವುದು ಯಾವ ನ್ಯಾಯ?

ನಾಲ್ಕನೆಯದು, ಹೆಚ್ಚು ಚಾಲ್ತಿಯಲ್ಲಿರುವುದು: "ಪ್ರತಿಭೆ ಹಾಳಾಯಿತು." ಮಠದ ಆವರಣದಲ್ಲಿ ಬಯಲು ರಂಗಮಂದಿರ ಎದ್ದದ್ದು, ಊರಿನವರು ಅಲ್ಲಿ ನಾಟಕ ಆಡುವಂತಾದದ್ದು ಅವರ ಆಸಕ್ತಿಯಿಂದ. ಆಸ್ಕರ್ ಅಕಾಡೆಮಿಯ ಸದಸ್ಯತ್ವವನ್ನೂ ಅವರು ಬಿಡಲಿಲ್ಲ. 2001ರಿಂದ ಹಲವು ವರ್ಷ ಮಠದ ಪ್ರಿಯೊರೆಸ್ (ಮಠಾಧ್ಯಕ್ಷೆಯ ನಂತರದ ಸ್ಥಾನ) ಹೊಣೆ ಹೊತ್ತರು. ಆದರೆ ನನ್ನ ಉತ್ತರ ಇಷ್ಟಕ್ಕೇ ನಿಲ್ಲುವುದಿಲ್ಲ. ರಂಗಮಂದಿರ ಇಲ್ಲದಿದ್ದರೂ ಆ ಬದುಕು ವ್ಯರ್ಥವಲ್ಲ. ಹಗಲಿರುಳು ನಿಗದಿತ ಹೊತ್ತಿಗೆ ಲ್ಯಾಟಿನ್ ಪ್ರಾರ್ಥನಾಗಾನ, ಹೊಲ-ಕೊಟ್ಟಿಗೆಯ ದುಡಿಮೆ, ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳುವ ಸಂತ ಬೆನೆಡಿಕ್ಟರ ನಿಯಮ: ಇದಕ್ಕೆ ಟಿಕೆಟ್ಟಿಲ್ಲ, ಚಪ್ಪಾಳೆಯಿಲ್ಲ, ಅಷ್ಟೇ. ಒಬ್ಬರ ಪ್ರತಿಭೆ ಪ್ರೇಕ್ಷಕರ ಆಸ್ತಿಯಲ್ಲ. ಅದನ್ನು ಯಾರಿಗೆ ಅರ್ಪಿಸಬೇಕೆಂಬುದು ಅವರ ಹಕ್ಕು.

ನಿರ್ಧಾರವೊಂದು ಗಟ್ಟಿಯೋ ಪೊಳ್ಳೋ ಎಂಬುದನ್ನು ಅದನ್ನು ಬಾಳಿದ ರೀತಿಯೇ ಹೇಳಬೇಕು. ಡೊಲೊರೆಸ್ ಹಾರ್ಟ್ ತಮ್ಮದನ್ನು ಅರ್ಧ ಶತಮಾನಕ್ಕೂ ಮೀರಿ ಬಾಳಿ ತೋರಿಸಿದ್ದಾರೆ. ಆಕ್ಷೇಪಿಸುವವರು ಇನ್ನು ಅವರ ಮಾತನ್ನೇ ನಂಬಲಿ: ಅವರು ಯಾವುದರಿಂದಲೂ ಓಡಲಿಲ್ಲ, ಕರೆದ ಕಡೆಗೆ ನಡೆದರು.