ಉತ್ತರಕ್ಕೆ ಮುಂಚಿನ ಮೌನ

‘ಮೌನಂ ಸಮ್ಮತಿಲಕ್ಷಣಂ’ ಎಂಬುದು ಹಿರಿಯರ ಮಾತು. ಮದುವೆಯ ಮಾತುಕತೆಯಲ್ಲಿ ತಲೆತಗ್ಗಿಸಿ ಕುಳಿತ ಹುಡುಗಿ ಏನನ್ನೂ ಹೇಳದಿದ್ದರೆ ಅದನ್ನು ಒಪ್ಪಿಗೆಯೆಂದೇ ಬಗೆಯುತ್ತಿದ್ದರು. (ಆ ಬಗೆ ಎಷ್ಟು ಸಲ ತಪ್ಪಿತ್ತೆಂದು ಅವಳನ್ನು ಯಾರೂ ಕೇಳಲಿಲ್ಲ.) ಅದೇ ಮೌನ ಇಂದು ಮೊಬೈಲಿನೊಳಗೆ ಸೇರಿ ತನ್ನ ಅರ್ಥವನ್ನೇ ಬದಲಿಸಿಕೊಂಡಿದೆ. ಅಲ್ಲಿ ಮೌನವೆಂದರೆ ಮುನಿಸು, ಇಲ್ಲವೇ ತಿರಸ್ಕಾರ.

ಇದಕ್ಕೆ ಕಾರಣವಿದೆ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರಶ್ನೆಗೂ ಉತ್ತರಕ್ಕೂ ನಡುವಣ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು. ಹೌದೆನ್ನುವ ಉತ್ತರ ಬೇಗ ಬರುತ್ತದೆ. ಅಲ್ಲವೆನ್ನುವುದು ತಡೆದು ಬರುತ್ತದೆ. ಎದುರೆದುರಿನ ಮಾತಿನಲ್ಲಿ ಪಳಗಿದ ಕಿವಿ ಇದೇ ಅಳತೆಗೋಲನ್ನು ಸಂದೇಶಗಳಿಗೂ ಹಿಡಿಯುತ್ತದೆ. ಆದರೆ ಸಂದೇಶವು ಮಾತಿನ ವೇಷ ತೊಟ್ಟ ಕಾಗದ, ಅದಕ್ಕೆ ಮುಖವಿಲ್ಲ.

ಅಂಚೆಯ ಕಾಲದಲ್ಲಿ ಉತ್ತರ ವಾರ ತಡವಾದರೂ ಯಾರೂ ನೊಂದುಕೊಳ್ಳುತ್ತಿರಲಿಲ್ಲ, ದೂರಲು ಅಂಚೆಯವನಿದ್ದ. 2014ರ ನವೆಂಬರಿನಲ್ಲಿ ವಾಟ್ಸ್‌ಆ್ಯಪ್ ನೀಲಿ ಟಿಕ್ಕುಗಳನ್ನು ತಂದ ಮೇಲೆ ‘ಇನ್ನೂ ನೋಡಿಲ್ಲ’ ಎಂಬ ನೆಪ ಇಲ್ಲವಾಯಿತು. ಅದೇ ತಿಂಗಳಲ್ಲಿ ಆ ಗುರುತನ್ನು ಮರೆಸುವ ಅನುಕೂಲವನ್ನೂ ಕೊಡಬೇಕಾಗಿ ಬಂತೆಂಬುದು ಗಮನಾರ್ಹ.

ಹುಡುಗಿಯೊಬ್ಬಳು ರಾತ್ರಿ ತನ್ನ ಗೆಳತಿಗೆ, “ಅಪ್ಪನ ಕೆಲಸ ಹೋಯಿತು. ಮುಂದಿನ ವರ್ಷ ನಾನು ಶಾಲೆಗೆ ಬರುವುದು ಅನುಮಾನ” ಎಂದು ಬರೆದಳೆಂದಿಟ್ಟುಕೊಳ್ಳಿ. ಟಿಕ್ಕುಗಳು ನೀಲಿಯಾದವು. ಗೆಳತಿ ಟೈಪ್ ಮಾಡುತ್ತಿದ್ದಾಳೆಂಬ ಸೂಚನೆ ಮೂಡಿತು, ಮಾಯವಾಯಿತು, ಮತ್ತೆ ಮೂಡಿತು, ಮತ್ತೆ ಮಾಯವಾಯಿತು. ಬೆಳಗಿನವರೆಗೂ ಉತ್ತರವಿಲ್ಲ. ತನ್ನ ಬಡತನವನ್ನು ಕಂಡು ಗೆಳತಿ ದೂರ ಸರಿದಳೆಂದು ಇವಳು ದಿಂಬಿಗೆ ಮುಖ ಒತ್ತಿ ಅತ್ತಳು. ಅತ್ತ ಗೆಳತಿಯಾದರೋ, ನಾಲ್ಕು ಬಾರಿ ಬರೆದು ನಾಲ್ಕು ಬಾರಿಯೂ ಅಳಿಸಿದ್ದಳು. ಯಾವ ಮಾತೂ ಆ ದುಃಖಕ್ಕೆ ಸಾಟಿಯೆಂದು ಅವಳಿಗೆ ತೋರಿರಲಿಲ್ಲ.

ಸಾವಿನ ಸುದ್ದಿಯನ್ನು ಪೂರ್ತಿ ಓದುವ ಮೊದಲೇ ಕೈಮುಗಿದ ಚಿತ್ರವನ್ನು ಕಳುಹಿಸುವವರ ಚುರುಕುತನಕ್ಕಿಂತ ಈ ತಡ ಎಷ್ಟೋ ಮೇಲು. ಆದರೆ ಕಾಯುತ್ತಿರುವವಳಿಗೆ ಆ ಅಳಿಸಿದ ಅಕ್ಷರಗಳು ಕಾಣುವುದಿಲ್ಲವಲ್ಲ! “ಏನು ಹೇಳಬೇಕೋ ತಿಳಿಯುತ್ತಿಲ್ಲ ಕಣೇ” ಎಂದಷ್ಟೇ ಬರೆದಿದ್ದರೂ ಆ ರಾತ್ರಿಗೆ ಸಾಕಾಗುತ್ತಿತ್ತು. ಇವಳಾದರೂ ಮರುದಿನ ಶಾಲೆಯ ಬಾಗಿಲಲ್ಲಿ ತಲೆತಿರುಗಿಸಿ ನಡೆಯದೆ, ಗೆಳತಿಯ ಮುಖವನ್ನೊಮ್ಮೆ ನೋಡಬಹುದಿತ್ತು.