ಎಳೆಯೋ ಟ್ರ್ಯಾಕ್ಟರ್ ಬಿಡಿ, ನಿಲ್ಲೋ ಟ್ರ್ಯಾಕ್ಟರ್ ತಗೊಳ್ಳಿ

ಕಬ್ಬಿನ ಹಂಗಾಮು ಶುರುವಾದರೆ ಸಾಕು, ನಮ್ಮ ಫೋನುಗಳಲ್ಲಿ ಒಂದೇ ಥರದ ವಿಡಿಯೋ. ಹಿಂದೆ ಎರಡು ಟ್ರಾಲಿ ತುಂಬ ಕಬ್ಬು, ಮುಂದೆ ಟ್ರ್ಯಾಕ್ಟರಿನ ಮುಂಗಾಲಿ ನೆಲ ಬಿಟ್ಟು ಎರಡಡಿ ಮೇಲೆ. ಡ್ರೈವರ್ ಅಣ್ಣ ಒಮ್ಮೆ ಎಡದ ಬ್ರೇಕು, ಒಮ್ಮೆ ಬಲದ ಬ್ರೇಕು ಒತ್ತಿ ಗಾಡಿ ತಿರುಗಿಸ್ತಾನೆ. ಜೊತೆಗೆ ಡಿಜೆ ಹಾಡು. ಕೆಳಗೆ ‘ಹುಲಿ’, ‘ಕಿಂಗ್’ ಅಂತ ಕಾಮೆಂಟುಗಳ ಸಾಲು.

ಆ ವಿಡಿಯೋದಲ್ಲಿ ಕಾಣೋದು ಟ್ರ್ಯಾಕ್ಟರಿನ ತಾಕತ್ತಲ್ಲ. ಆ ಲೋಡಿಗೆ ಆ ಟ್ರ್ಯಾಕ್ಟರ್ ಸಾಲದು ಅನ್ನೋದಕ್ಕೆ ಅದೇ ಸಾಕ್ಷಿ. ಮುಂಗಾಲಿ ಗಾಳಿಯಲ್ಲಿದ್ದರೆ ಸ್ಟೇರಿಂಗ್ ಇಲ್ಲ ಅಂತಲೇ ಲೆಕ್ಕ.

ಹೊಸ ಟ್ರ್ಯಾಕ್ಟರ್ ತಗೊಳ್ಳೋಕೆ ಹೋದಾಗ ನಾವು ಕೇಳೋ ಮೊದಲ ಪ್ರಶ್ನೆ ‘ಎಷ್ಟು ಎಚ್‌ಪಿ?’ ಅಲ್ಲಿ ಸಿಗೋ ಉತ್ತರ, ‘50 ಎಚ್‌ಪಿ ಅಣ್ಣಾರ, ಡಬಲ್ ಟ್ರಾಲಿ ಆರಾಮ ಎಳೀತದ.’ ಮಾತು ಸುಳ್ಳಲ್ಲ, ಎಳೀತದೆ. ರಬ್ಬರ್ ಗಾಲಿ ಮೇಲೆ, ಸಮ ರಸ್ತೆಯಲ್ಲಿ, ಸಣ್ಣ ಗೇರಿನಲ್ಲಿ ಎಷ್ಟು ತೂಕ ಬೇಕಾದರೂ ಉರುಳುತ್ತದೆ. ಖಾಲಿ ಟ್ರಾಲಿಯನ್ನ ನಾಲ್ಕು ಜನ ಸೇರಿ ನೂಕಲ್ವಾ? ಎಳೆಯೋದು ದೊಡ್ಡ ಮಾತಲ್ಲ. 20 ಟನ್ ಹಿಂದೆ ಕಟ್ಟಿಕೊಂಡು ಇಳಿಜಾರಿನಲ್ಲಿ ಬರುವಾಗ ಎದುರಿಗೆ ಶಾಲೆ ಹುಡುಗ ಸೈಕಲ್ ತಂದರೆ ಗಾಡಿ ನಿಲ್ಲುತ್ತಾ, ಆ ಪ್ರಶ್ನೆಯನ್ನ ಷೋರೂಮಿನಲ್ಲಿ ಯಾರೂ ಕೇಳೋದಿಲ್ಲ, ಯಾರೂ ಹೇಳೋದೂ ಇಲ್ಲ.

ಲೆಕ್ಕ ಹಾಕಿ ನೋಡಿ. 45-50 ಎಚ್‌ಪಿ ಟ್ರ್ಯಾಕ್ಟರಿನ ಸ್ವಂತ ತೂಕ ಸುಮಾರು 2 ಟನ್. ಒಂದೊಂದು ಟ್ರಾಲಿಯಲ್ಲಿ 10 ಟನ್ ಕಬ್ಬು ಅಂದುಕೊಂಡರೂ ಎರಡು ಸೇರಿ 20, ಟ್ರಾಲಿಗಳ ಕಬ್ಬಿಣದ ತೂಕ ಬೇರೆ. ನಮ್ಮ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರೋದು ಹಿಂದಿನ ಎರಡು ದೊಡ್ಡ ಗಾಲಿಗೆ ಮಾತ್ರ. ಹೆಚ್ಚಿನ ಕಬ್ಬಿನ ಟ್ರಾಲಿಗಳಿಗೆ ಬ್ರೇಕೇ ಇಲ್ಲ. ಅಂದರೆ ತನ್ನ ಹತ್ತು ಪಟ್ಟು ತೂಕವನ್ನ ಎರಡೇ ಗಾಲಿ ಹಿಡಿದು ನಿಲ್ಲಿಸಬೇಕು. ಬ್ರೇಕು ಎಷ್ಟೇ ಗಟ್ಟಿ ಇರಲಿ, ಗಾಲಿ ರಸ್ತೆಯನ್ನ ಹಿಡಿಯೋದು ಅದರ ಮೇಲೆ ಬೀಳೋ ಭಾರದಷ್ಟೇ. ಗಾಲಿ ಜಾಮ್ ಆಗ್ತದೆ, ಹಿಂದಿನ ಟ್ರಾಲಿ ಟ್ರ್ಯಾಕ್ಟರನ್ನ ನೂಕಿಕೊಂಡು ಹೋಗಿ ಅಡ್ಡ ತಿರುಗಿಸ್ತದೆ. ವೇಗ ಎರಡರಷ್ಟಾದರೆ ನಿಲ್ಲೋಕೆ ಬೇಕಾದ ದೂರ ನಾಲ್ಕರಷ್ಟಾಗ್ತದೆ. ಡೀಸೆಲ್ ಉಳಿಸೋಕೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡೋ ಚಟ ಇದೆಯಲ್ಲ, ಅದಂತೂ ಇದ್ದೊಂದು ಆಸರೆಯಾದ ಎಂಜಿನ್ ಹಿಡಿತವನ್ನೂ ಕೈಯಾರೆ ಬಿಟ್ಟ ಹಾಗೆ.

ಅಮೆರಿಕದಲ್ಲಿ ಜನ ಪಿಕಪ್ ಗಾಡಿ ಹಿಂದೆ ಗಾಲಿ ಇರೋ ಮನೆಯನ್ನೇ ಕಟ್ಟಿಕೊಂಡು ಪ್ರವಾಸ ಹೋಗ್ತಾರೆ. ಅಲ್ಲೂ ಕಂಪನಿಗಳ ಜಾಹೀರಾತು ‘ಇಷ್ಟು ಎಳೀತದೆ’ ಅಂತಲೇ ಕೂಗೋದು. ಆದರೆ ಡ್ರೈವರ್ ಬಾಗಿಲ ಪಕ್ಕ ಒಂದು ಸ್ಟಿಕ್ಕರ್ ಇರ್ತದೆ, ಗಾಡಿಯ ಒಳಗಿನ ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಮೀರಬಾರದು ಅಂತ. ಹುಕ್ಕಿನ ಮೇಲೆ ಕೂರೋ ಭಾರವೂ ಅದರಲ್ಲೇ ಬರಬೇಕು. ತಿಳಿದವರು ಮೊದಲು ಓದೋದು ಅದನ್ನ. ಅಲ್ಲಿನ ಹಲವು ರಾಜ್ಯಗಳಲ್ಲಿ ಹಿಂದಿನ ಗಾಡಿ ಸುಮಾರು 1,360 ಕೆಜಿ ದಾಟಿದರೆ ಅದಕ್ಕೆ ತನ್ನದೇ ಬ್ರೇಕ್ ಇರಲೇಬೇಕು. ಮಜಾ ಮಾಡೋಕೆ ಹೋಗೋರಿಗೆ ಒಂದೂವರೆ ಟನ್ನಿಗೇ ಬ್ರೇಕ್. ಹೊಟ್ಟೆಪಾಡಿಗೆ ಹೋಗೋ ನಮಗೆ 20 ಟನ್ನಿಗೂ ಇಲ್ಲ.

ಹಾಗಾದರೆ ಯಾವ ಟ್ರ್ಯಾಕ್ಟರ್ ತಗೋಬೇಕು? ಎಚ್‌ಪಿ ಆಮೇಲೆ ಕೇಳಿ. ಗಾಡಿಯ ಸ್ವಂತ ತೂಕ ಎಷ್ಟು, ಮುಂದೆ ವೇಟ್ ಕೂರಿಸೋಕೆ ಜಾಗ ಇದೆಯಾ ಕೇಳಿ. ಎಣ್ಣೆಯಲ್ಲಿ ಮುಳುಗಿರೋ ಬ್ರೇಕಾ, ಒಣ ಬ್ರೇಕಾ ಕೇಳಿ. ಕೆಸರು ನೀರಲ್ಲಿ ಓಡಾಡೋ ಗಾಡಿಗೆ ಎಣ್ಣೆ ಬ್ರೇಕೇ ವಾಸಿ. ಟ್ರಾಲಿಯ ಬ್ರೇಕಿಗೆ ಟ್ರ್ಯಾಕ್ಟರಿನಿಂದ ಜೋಡಣೆ ಕೊಡ್ತಾರಾ ಅಂತ ಖಡಾಖಂಡಿತ ಕೇಳಿ. ಟ್ರಾಲಿ ಮಾಡಿಸುವಾಗ ಬ್ರೇಕಿನ ದುಡ್ಡು ಉಳಿಸಬೇಡಿ. ಹುಕ್ ಹಿಂದಿನ ಅಚ್ಚಿಗಿಂತ ಕೆಳಗಿರಬೇಕು. ಮೇಲಕ್ಕೆ ಕಟ್ಟಿದರೆ ಏರಿನಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಡ್ರೈವರ್ ಮೇಲೇ ಬೀಳ್ತದೆ. ಡಾಂಬರು ರಸ್ತೆಗೆ ಬಂದ ಮೇಲೆ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಹಾಕಿ. ಬೇರೆ ಬೇರೆ ಪೆಡಲ್ ಇರೋದು ಹೊಲದಲ್ಲಿ ತಿರುಗಿಸೋಕೆ, ರೀಲ್ಸ್ ಮಾಡೋಕಲ್ಲ.

ಇಷ್ಟು ಹೇಳಿದರೆ ಒಂದು ಉತ್ತರ ರೆಡಿ ಇರ್ತದೆ: ‘ಕಡಿಮೆ ತುಂಬಿದರೆ ಕಂತು ನೀವು ಕಟ್ತೀರಾ?’ ನ್ಯಾಯವಾದ ಮಾತು. ಬಾಡಿಗೆ ಟನ್ನಿನ ಲೆಕ್ಕ. ಗ್ಯಾಂಗಿಗೆ ಕೊಟ್ಟ ಮುಂಗಡ ತಲೆ ಮೇಲೆ. ಫ್ಯಾಕ್ಟರಿ ಯಾರ್ಡಿನಲ್ಲಿ ಪಾಳಿ ಹಚ್ಚಿ ಒಂದು ದಿನ, ಕೆಲವೊಮ್ಮೆ ಎರಡು ದಿನ ಕಾಯಬೇಕು. ಟ್ರಿಪ್ಪೇ ಕಡಿಮೆ ಆದಾಗ ಒಂದೇ ಟ್ರಿಪ್ಪಿಗೆ ಎರಡರ ಲೋಡು ಹೇರೋದು ಬಿಟ್ಟರೆ ಆತ ಏನು ಮಾಡಬೇಕು? ಅದಕ್ಕೇ ಹೇಳ್ತೀನಿ, ಅಪಘಾತ ಆದಾಗ ಡ್ರೈವರ್ ಹೆಸರು ಮಾತ್ರ ಬರೆದು ಕೈತೊಳೆದುಕೊಳ್ಳೋದು ಅನ್ಯಾಯ.

ಯಾಕಂದರೆ ಓವರ್‌ಲೋಡ್ ಗುಟ್ಟಿನ ವಿಷಯವೇ ಅಲ್ಲ. ಪ್ರತಿ ಗಾಡಿಯೂ ಫ್ಯಾಕ್ಟರಿಯ ತೂಕದ ಕಾಟಾ ಮೇಲೆ ನಿಲ್ತದೆ. ಒಟ್ಟು ತೂಕ, ಖಾಲಿ ತೂಕ, ಕಬ್ಬಿನ ತೂಕ, ಕಂಪ್ಯೂಟರ್ ಚೀಟಿ ಕೊಡ್ತದೆ. ಟ್ರಾಲಿಯ ಆರ್‌ಸಿಯಲ್ಲಿ ಅದು ಹೊರಬಹುದಾದ ತೂಕ ಬರೆದಿರ್ತದೆ. ಎರಡು ಕಾಗದ ಪಕ್ಕಪಕ್ಕ ಇಟ್ಟರೆ ಮುಗೀತು. ಕಾಟಾದಲ್ಲಿ ಮಣ್ಣು, ರವದಿ ಅಂತ ರೈತನ ಕೆಜಿ ಕೆಜಿ ಕಳೆಯೋಕೆ ಕಣ್ಣು ಚುರುಕಾಗಿರೋ ಫ್ಯಾಕ್ಟರಿಗಳಿಗೆ 10 ಟನ್ ಹೆಚ್ಚಿರೋದು ಮಾತ್ರ ಕಾಣೋದಿಲ್ಲ!

2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಆ ಕಲಮು ಓಡಿಸಿದವನನ್ನಷ್ಟೇ ಹಿಡಿಯೋದಿಲ್ಲ; ಓಡಿಸಲು ಕಾರಣನಾದವನನ್ನೂ, ಬಿಟ್ಟವನನ್ನೂ ಹಿಡೀತದೆ. ಚೀಟಿ ಕೊಟ್ಟು ಲೋಡು ಇಳಿಸಿಕೊಂಡವರು ಇದರಲ್ಲಿ ಎಲ್ಲಿ ಬರ್ತಾರೆ ಅಂತ ಸಾರಿಗೆ ಇಲಾಖೆಯೇ ಹೇಳಲಿ. ರಾತ್ರಿ ಆಕ್ಸಲ್ ಮುರಿದು ನಿಂತ, ಹಿಂದೆ ಲೈಟಿಲ್ಲದ, ರಿಫ್ಲೆಕ್ಟರ್ ಇಲ್ಲದ ಟ್ರಾಲಿಗೆ ಬೈಕಿನಲ್ಲಿ ಬಂದು ಬಡಿದು ಸತ್ತವರ ಮನೆಯವರು ಕೇಳೋದೂ ಇದನ್ನೇ.

ಟ್ರ್ಯಾಕ್ಟರ್ ಮಾಲೀಕರು ಮುಂದಿನ ಹಂಗಾಮಿನ ಕರಾರಿಗೆ ಸಹಿ ಹಾಕೋ ಮುಂಚೆ ಮೂರು ಮಾತು ಬರೆಸಿಕೊಳ್ಳಿ: ಆರ್‌ಸಿ ತೂಕದಷ್ಟೇ ಲೋಡು, ಅಷ್ಟರಲ್ಲೇ ಕಂತು ಹುಟ್ಟೋ ಹಾಗೆ ಟನ್ನಿನ ದರ, ಯಾರ್ಡಿನಲ್ಲಿ ಕಾದ ದಿನಕ್ಕೆ ಕಾಯುವ ಕೂಲಿ. ಒಬ್ಬರೇ ಕೇಳಿದರೆ ಗೇಟಿನಿಂದ ಆಚೆ ಹಾಕ್ತಾರೆ; ಊರಿನ ಟ್ರ್ಯಾಕ್ಟರಿನವರೆಲ್ಲ ಸೇರಿ ಕೇಳಿ. ಈ ವರ್ಷದ ತೂಕದ ಚೀಟಿಗಳನ್ನ ಬಿಸಾಡಬೇಡಿ. ಒಂದೊಂದರದ್ದೂ ಫೋಟೋ ತೆಗೆದು, ಆರ್‌ಸಿ ಫೋಟೋ ಜೊತೆ ಫೋನಿನಲ್ಲಿ ಇಟ್ಟುಕೊಂಡಿರಿ.